ಮೊದಲ ಸಂಬಳಕ್ಕೂ ಮುಂಚಿನ ಲೆಕ್ಕ

ವಿದೇಶದ ಶಾಲೆಯಿಂದ ಕೆಲಸದ ಪತ್ರ ಬಂದ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ನಡೆಯುವುದು ಗುಣಾಕಾರ. ದುಬೈಯಲ್ಲಿ ತಿಂಗಳಿಗೆ 6,000 ದಿರ್ಹಮ್ ಎಂದರೆ, ದಿರ್ಹಮ್‌ಗೆ 24 ರೂಪಾಯಿ ಹಿಡಿದು, 1,44,000 ರೂಪಾಯಿ. ಊಟ, ಬಾಡಿಗೆ, ಓಡಾಟಕ್ಕೆಂದು ಅರ್ಧ ಕಳೆದರೂ ಉಳಿದದ್ದನ್ನು ಹನ್ನೆರಡರಿಂದ ಗುಣಿಸಿದರೆ ಮನೆಸಾಲ ಎಷ್ಟು ವರ್ಷಕ್ಕೆ ತೀರೀತು ಎಂಬುದು ಕೂಡಲೇ ಗೊತ್ತಾಗುತ್ತದೆ. ಈ ಗುಣಾಕಾರದಲ್ಲಿ ತಪ್ಪೇನಿಲ್ಲ. ಆದರೆ ಇದು ಅಲ್ಲಿ ಆಗಲೇ ನೆಲೆ ನಿಂತವರ ಲೆಕ್ಕ, ಇನ್ನೂ ಹೊರಡಬೇಕಾದವರದ್ದಲ್ಲ. ಹೊರಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಯಾವ ತಾರೀಖಿಗೆ ಎಷ್ಟು ಹಣ ಕೈಬಿಡುತ್ತದೆ, ಯಾವ ತಾರೀಖಿಗೆ ಎಷ್ಟು ಕೈಸೇರುತ್ತದೆ? ಜೊತೆಗೆ ಒಯ್ಯುವ ಇಡುಗಂಟು ಎಷ್ಟಿರಬೇಕು ಎಂಬುದನ್ನು ಸಂಬಳದ ಮೊತ್ತಕ್ಕಿಂತಲೂ, ಆ ಊರಿನ ದುಬಾರಿತನಕ್ಕಿಂತಲೂ ಹೆಚ್ಚಾಗಿ ನಿರ್ಧರಿಸುವುದು ಈ ತಾರೀಖುಗಳ ನಡುವಿನ ಅಂತರ. ಹಾಗಾಗಿ ಶಾಲೆಯವರೊಡನೆ ಮಾತುಕತೆಗೆ ಕುಳಿತಾಗ ಸಂಬಳಕ್ಕೆ ಐನೂರು ಸೇರಿಸಿಕೊಳ್ಳುವುದಕ್ಕಿಂತ ಈ ಅಂತರವನ್ನು ಕಿರಿದಾಗಿಸಿಕೊಳ್ಳುವುದೇ ಮೇಲು ಎಂಬುದು ನನ್ನ ವಾದ.

ಕರಾವಳಿಯ ಎಷ್ಟೋ ಮನೆಗಳಿಗೆ ಗಲ್ಫ್ ಪರದೇಶವೇ ಅಲ್ಲ. ಮಂಗಳೂರಿನಿಂದ ದುಬೈಗೆ ನೇರ ವಿಮಾನವಿದೆ. ಉಡುಪಿ, ಭಟ್ಕಳದ ಕಡೆ ಅಲ್ಲಿ ದುಡಿದು ಬಂದವರು ಕೇರಿಗೊಬ್ಬರಾದರೂ ಸಿಗುತ್ತಾರೆ. ಆದ್ದರಿಂದ ಸಂಯುಕ್ತ ಅರಬ್ ಎಮಿರೇಟ್ಸನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಬ್ರಿಟಿಷ್ ಮತ್ತಿತರ ಪಠ್ಯಕ್ರಮದವು ಆಗಸ್ಟ್ ಕೊನೆಯಲ್ಲಿ ಬಾಗಿಲು ತೆರೆಯುತ್ತವೆ. ಶಿಕ್ಷಕಿಯೊಬ್ಬರು ಆಗಸ್ಟ್ 20ಕ್ಕೆ ಹೋಗಿ ಸೇರಿದರು ಎನ್ನಿ. ಆ ತಿಂಗಳ ಸಂಬಳದ ಪಟ್ಟಿ ಆಗಲೇ ಮುಚ್ಚಿದ್ದರೆ ಅವರ ಮೊದಲ ಸಂಬಳ ಬರುವುದು ಸೆಪ್ಟೆಂಬರ್ ಕೊನೆಗೆ, ಅಂದರೆ ನಲವತ್ತು ದಿನಗಳ ನಂತರ. ಅಲ್ಲಿ ಖಾಸಗಿ ವಲಯದ ಸಂಬಳ 2009ರಿಂದ ಸರ್ಕಾರದ ವೇತನ ರಕ್ಷಣಾ ವ್ಯವಸ್ಥೆಯ ಮೂಲಕವೇ ಪಾವತಿಯಾಗುತ್ತದೆ. ಸಂಬಳ ಜಮೆಯಾಗಲು ಬ್ಯಾಂಕ್ ಖಾತೆ ಬೇಕು, ಖಾತೆಗೆ ಎಮಿರೇಟ್ಸ್ ಐಡಿ ಬೇಕು, ಐಡಿಗೆ ವೈದ್ಯಕೀಯ ತಪಾಸಣೆ ಮತ್ತು ಬೆರಳಚ್ಚು ಮುಗಿದಿರಬೇಕು. ಒಂದೊಂದು ಮೆಟ್ಟಿಲಿಗೂ ಕೆಲವು ದಿನ ಹಿಡಿಯುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ, ಯಾರ ಅಸಡ್ಡೆಯೂ ಇಲ್ಲ. ಎಲ್ಲ ಸರಿಯಾಗಿ ನಡೆದರೂ ಒಂದೂವರೆ ತಿಂಗಳು ಕೈಗೆ ಕಾಸು ಬರುವುದಿಲ್ಲ ಎಂಬುದಷ್ಟೇ ಸಂಗತಿ.

ಈ ಒಂದೂವರೆ ತಿಂಗಳಲ್ಲಿ ಊಟ, ಬಸ್ಸಿನ ಖರ್ಚಷ್ಟೇ ಇದ್ದಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಕಷ್ಟವಿರುವುದು ಬಾಡಿಗೆಯಲ್ಲಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಕೊಟ್ಟು ರೂಢಿಯಿದ್ದವರಿಗೆ ದೊಡ್ಡ ಠೇವಣಿ ಹೊಸದಲ್ಲ. ಆದರೆ ನಮ್ಮಲ್ಲಿ ಬಾಡಿಗೆ ತಿಂಗಳಿಗೊಮ್ಮೆ. ದುಬೈಯಲ್ಲಿ ಬಾಡಿಗೆ ಹೇಳುವುದೇ ವರ್ಷದ ಮೊತ್ತದಲ್ಲಿ, ಕೊಡುವುದು ಒಂದು, ಎರಡು ಅಥವಾ ನಾಲ್ಕು ಚೆಕ್‌ಗಳಲ್ಲಿ. ಹೆಚ್ಚು ಕಂತಿಗೆ ಒಪ್ಪುವ ಮಾಲೀಕರಿದ್ದಾರೆ, ಆದರೆ ಕಂತು ಹೆಚ್ಚಿದಷ್ಟೂ ಬಾಡಿಗೆಯನ್ನು ತುಸು ಏರಿಸುವುದು ವಾಡಿಕೆ. ವರ್ಷಕ್ಕೆ 48,000 ದಿರ್ಹಮ್ ಬಾಡಿಗೆಯ ಪುಟ್ಟ ಫ್ಲ್ಯಾಟ್, ನಾಲ್ಕು ಚೆಕ್ ಎಂದು ಹಿಡಿದು ನೋಡಿ. ಮೊದಲ ಚೆಕ್ಕಿಗೆ 12,000. ಪೀಠೋಪಕರಣವಿಲ್ಲದ ಮನೆಗೆ ಠೇವಣಿ ಸಾಮಾನ್ಯವಾಗಿ ಶೇ. 5, ಅಂದರೆ 2,400. ಬ್ರೋಕರ್ ಕಮಿಷನ್ ಇನ್ನೊಂದು ಶೇ. 5, ಅದರ ಮೇಲೆ ವ್ಯಾಟ್ ಸೇರಿ 2,520. ಬಾಡಿಗೆ ಕರಾರನ್ನು ಎಜಾರಿ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಲು ಇನ್ನೂರು ಚಿಲ್ಲರೆ. ವಿದ್ಯುತ್ತು, ನೀರಿಗೆ ದೇವಾ ಎಂದು ಕರೆಯುವ ಸಂಸ್ಥೆಯಲ್ಲಿ ಫ್ಲ್ಯಾಟಿಗೆ 2,000 ಠೇವಣಿ, ಜೊತೆಗೆ ಸಂಪರ್ಕ ಶುಲ್ಕ. ಎಲ್ಲ ಕೂಡಿದರೆ 19,000 ದಿರ್ಹಮ್ ದಾಟುತ್ತದೆ. ರೂಪಾಯಿಯಲ್ಲಿ ನಾಲ್ಕೂವರೆ ಲಕ್ಷಕ್ಕೂ ಮೇಲೆ. ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚಾದ ಈ ಹಣ, ಮೊದಲ ಸಂಬಳ ಬರುವ ಮುನ್ನ, ಮನೆಗೆ ಒಂದು ಚಾಪೆಯೂ ಬಾರದಿರುವಾಗಲೇ ಹೋಗಿರುತ್ತದೆ. ಮುಂದೆ ಪ್ರತಿ ತಿಂಗಳ ದೇವಾ ಬಿಲ್ಲಿನಲ್ಲಿ ವಾರ್ಷಿಕ ಬಾಡಿಗೆಯ ಶೇ. 5ರಷ್ಟು ಗೃಹಶುಲ್ಕವೂ ಕಂತುಕಂತಾಗಿ ಸೇರಿ ಬರುತ್ತದೆ, ಈ ಲೆಕ್ಕದಲ್ಲಿ ತಿಂಗಳಿಗೆ 200 ದಿರ್ಹಮ್. ಹೊಸಬರು ಅದನ್ನು ಕರೆಂಟಿನ ಖರ್ಚೆಂದೇ ತಿಳಿದು ಫ್ಯಾನು ಆರಿಸಲು ಹೊರಡುವುದುಂಟು.

ಇದರೊಳಗೇ ಇನ್ನೊಂದು ಗಂಟು ಇದೆ. ಬಾಡಿಗೆಗೆ ಚೆಕ್ ಬೇಕು, ಚೆಕ್‌ಬುಕ್ಕಿಗೆ ಖಾತೆ ಬೇಕು, ಖಾತೆಗೆ ಐಡಿ ಬೇಕು. ಹಾಗಾಗಿ ಕೈಯಲ್ಲಿ ಹಣವಿದ್ದರೂ ಇಳಿದ ವಾರವೇ ಸ್ವಂತ ಹೆಸರಿನಲ್ಲಿ ಫ್ಲ್ಯಾಟ್ ಹಿಡಿಯುವುದು ಕಷ್ಟ. ಮೊದಲ ಕೆಲವು ವಾರ ಹೋಟೆಲ್ಲೋ, ಒಂದು ಮಂಚವಷ್ಟೇ ಬಾಡಿಗೆಗೆ ಸಿಗುವ ಬೆಡ್ ಸ್ಪೇಸೋ, ಯಾರದೋ ಮನೆಯ ಕೋಣೆಯೋ ಆಗಲೇಬೇಕು, ಅದರ ಖರ್ಚು ಬೇರೆ. ಅಗ್ಗವೆಂದು ಪ್ಲೈವುಡ್ ಹೊಡೆದು ಮಾಡಿದ ಪಾರ್ಟಿಷನ್ ಕೋಣೆಗೆ ಹೋಗುವವರು, ಅಂಥ ಅನಧಿಕೃತ ವಿಭಜನೆಗಳ ಮೇಲೆ ದುಬೈ ನಗರಪಾಲಿಕೆ 2025ರಲ್ಲಿ ಕಾರ್ಯಾಚರಣೆ ನಡೆಸಿತೆಂಬುದನ್ನು ನೆನಪಿಡಬೇಕು. ಮುಂಗಡ ಕೊಟ್ಟ ಮೇಲೆ ಕೋಣೆಯೇ ಇಲ್ಲವಾದರೆ ಆ ಹಣ ವಾಪಸು ಬರುವುದು ದೂರದ ಮಾತು. ಮುಂದಿನ ತಾರೀಖು ಹಾಕಿ ಕೊಟ್ಟ ಚೆಕ್ ಬೌನ್ಸ್ ಆದರೆ ಈಗ ಜೈಲಿಲ್ಲವಂತೆ ಎಂಬ ಮಾತು ಊರಲ್ಲಿ ಓಡಾಡುತ್ತಿದೆ. ಅದು ಅರ್ಧ ನಿಜ. 2022ರ ಜನವರಿಯಿಂದ ಖಾತೆಯಲ್ಲಿ ಹಣವಿಲ್ಲದೆ ಚೆಕ್ ಮರಳುವುದು ಬಹುಮಟ್ಟಿಗೆ ಕ್ರಿಮಿನಲ್ ಪ್ರಕರಣವಾಗಿ ಉಳಿದಿಲ್ಲ. ಆದರೆ ಚೆಕ್ ಹಿಡಿದವರು ದಾವೆಯ ದೀರ್ಘ ದಾರಿ ಬಿಟ್ಟು ನೇರವಾಗಿ ವಸೂಲಿಗೆ ನ್ಯಾಯಾಲಯದ ಬಾಗಿಲು ತಟ್ಟಬಹುದು. ಎರಡನೆಯ ಚೆಕ್ಕಿನ ತಾರೀಖು ಇಳಿದ ನಾಲ್ಕನೆಯ ತಿಂಗಳಿಗೆ ಬಂದರೆ, ಅಷ್ಟರೊಳಗೆ ಮತ್ತೆ 12,000 ಕೂಡಿರಬೇಕು. 6,000ದ ಸಂಬಳದಲ್ಲಿ ಅದು ಕೂಡುತ್ತದೆಯೇ ಎಂದು ಹೊರಡುವ ಮುನ್ನವೇ ಬರೆದು ನೋಡುವುದು ಲೇಸು.

ಈಗ ಎರಡು ಕೆಲಸಗಳನ್ನು ಎದುರುಬದುರು ಇಡೋಣ. ಒಂದು ಶಾಲೆ 6,000 ಕೊಡುತ್ತದೆ, ವಸತಿ ನಿಮ್ಮದು. ಇನ್ನೊಂದು 4,500 ಕೊಟ್ಟು ಸಹೋದ್ಯೋಗಿಯ ಜೊತೆ ಹಂಚಿಕೊಳ್ಳುವ ವಸತಿ ಕೊಡುತ್ತದೆ. ಮನೆಯ ಗುಣಾಕಾರದಲ್ಲಿ ಮೊದಲನೆಯದೇ ಗೆಲ್ಲುತ್ತದೆ. ಆದರೆ ಅಲ್ಲಿಯೂ ತಿಂಗಳಿಗೆ 1,500ರ ಕೋಣೆ ಹಿಡಿದರೆ ವರ್ಷದ ಕೊನೆಗೆ ಬಾಡಿಗೆ ಕಳೆದು ಉಳಿಯುವುದು 54,000. ಎರಡನೆಯದರ ವರ್ಷದ ಸಂಬಳವೂ ಅಷ್ಟೇ. ಮೊತ್ತ ಸಮವಾದ ಮೇಲೆ ತಾರೀಖು ನೋಡಿ. ಶಾಲೆಯೇ ವಸತಿ ಕೊಟ್ಟರೆ ಮೊದಲ ಒಂದೂವರೆ ತಿಂಗಳ ಊಟ, ಓಡಾಟಕ್ಕೆ 2,500, ಹಾಸಿಗೆ, ಪಾತ್ರೆ, ಸಿಮ್ಮಿಗೆ 1,500, ಕಾಗದಪತ್ರಗಳಿಗೆ 1,000 ಎಂದು ಹಿಡಿದರೂ 5,000 ದಿರ್ಹಮ್, ಅಂದರೆ 1,20,000 ರೂಪಾಯಿಯಲ್ಲಿ ಬದುಕು ಶುರುವಾಗುತ್ತದೆ. ಕೋಣೆ ಹಿಡಿದರೆ ಮುಂಗಡ, ಬಾಡಿಗೆ ಸೇರಿ ಎರಡು ಲಕ್ಷದ ಆಸುಪಾಸು. ಫ್ಲ್ಯಾಟೇ ಬೇಕೆಂದರೆ ತಾತ್ಕಾಲಿಕ ವಸತಿ, ಕನಿಷ್ಠ ಪೀಠೋಪಕರಣ ಸೇರಿ ಏಳು ಲಕ್ಷ. ಒಂದೇ ಊರು, ಹೆಚ್ಚುಕಡಿಮೆ ಒಂದೇ ಗಳಿಕೆ. ಬೇಕಾಗುವ ಇಡುಗಂಟಿನಲ್ಲಿ ಮಾತ್ರ ಆರು ಪಟ್ಟು ವ್ಯತ್ಯಾಸ. ಇಲ್ಲಿನ ಬಾಡಿಗೆ, ಸಂಬಳ ಎರಡೂ ಉದಾಹರಣೆಗೆ ಹಿಡಿದವು. ಅವುಗಳ ಜಾಗದಲ್ಲಿ ನಿಮ್ಮ ಪತ್ರದಲ್ಲಿರುವ ಅಂಕಿಗಳನ್ನು ಇಟ್ಟು ಇದೇ ಕ್ರಮದಲ್ಲಿ ಕೂಡಿ. 4,500ರ ಕೆಲಸಕ್ಕೂ ಕೊರತೆಗಳಿವೆ ಎಂಬುದನ್ನು ಮುಚ್ಚಿಡಬಾರದು. ಹಂಚಿಕೊಂಡ ವಸತಿಗೆ ಸಂಸಾರವನ್ನು ಕರೆತರಲಾಗದು. ಕೆಲಸ ಬಿಡುವಾಗ ಸಿಗುವ ಗ್ರ್ಯಾಚ್ಯುಟಿಯನ್ನು ಮೂಲವೇತನದ ಮೇಲೆ, ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದಂತೆ ಲೆಕ್ಕ ಹಾಕುವುದರಿಂದ ಮೂಲವೇತನ ಕಡಿಮೆಯಿದ್ದರೆ ಅದೂ ಕಡಿಮೆಯಾಗುತ್ತದೆ. ಆದರೂ ಸಾಲ ಮಾಡದೆ ಹೊರಡಬೇಕೆನ್ನುವವರಿಗೆ ಮೊದಲ ವರ್ಷ ಎರಡನೆಯ ಪತ್ರವೇ ಹಿತ.

ಹಾಗಿದ್ದರೆ ವಸತಿ, ಟಿಕೆಟ್, ವೀಸಾ ಎಲ್ಲ ಶಾಲೆಯೇ ಕೊಡುವಾಗ ಇಡುಗಂಟಿನ ಮಾತೇಕೆ ಎಂದು ಕೇಳಬಹುದು. ಪತ್ರದಲ್ಲಿ ‘ವಸತಿ ಕೊಡಲಾಗುವುದು’ ಎಂಬ ಒಂದೇ ಸಾಲಿಗೆ ಮೂರು ನಾಲ್ಕು ಅರ್ಥಗಳಿರುತ್ತವೆ. ಎರಡು ವಾರದ ಹೋಟೆಲ್ ವಾಸ, ಆಮೇಲೆ ನಿಮ್ಮ ದಾರಿ ನಿಮಗೆ ಎಂದಿರಬಹುದು. ವಸತಿಯ ಬದಲು ಭತ್ಯೆ ಎಂದಿರಬಹುದು, ಅದೂ ತಿಂಗಳ ಕೊನೆಗೆ ಸಂಬಳದ ಜೊತೆ ಬರುವಂಥದ್ದು. ಮಾಲೀಕ ಕೇಳುವುದೋ ಮೂರು ತಿಂಗಳದ್ದನ್ನು ಮೊದಲೇ. ಕೆಲವು ಶಾಲೆಗಳು ಕೇಳಿದರೆ ವಸತಿ ಭತ್ಯೆಯನ್ನು ಮುಂಗಡವಾಗಿ ಕೊಟ್ಟು ಸಂಬಳದಲ್ಲಿ ಹಿಡಿದುಕೊಳ್ಳುತ್ತವೆ, ಕೇಳದಿದ್ದರೆ ಕೊಡುವುದಿಲ್ಲ. ಟಿಕೆಟ್ಟಿನ ಕಥೆಯೂ ಹೀಗೆಯೇ. ಶಾಲೆಯೇ ಬುಕ್ ಮಾಡಿ ಕಳಿಸುವುದು ಬೇರೆ, ನೀವು ಕೊಂಡು ಬಂದ ಮೇಲೆ ಬಿಲ್ ಕೊಟ್ಟು ವಾಪಸು ಪಡೆಯುವುದು ಬೇರೆ. ರಜೆ ಮುಗಿಸಿ ಸಂಸಾರಗಳೆಲ್ಲ ಹಿಂದಿರುಗುವ ಆಗಸ್ಟ್ ಕೊನೆಯಲ್ಲಿ ಆ ಟಿಕೆಟ್ ಎಷ್ಟು ಏರಿರುತ್ತದೆಂದು ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದು ಇ-ಮೇಲ್ ಬರೆದು, ವಸತಿ ಯಾವ ತಾರೀಖಿನಿಂದ, ಒಬ್ಬರಿಗೋ ಹಂಚಿಕೊಳ್ಳಲೋ, ಒಳಗೆ ಮಂಚ, ಒಲೆ ಇವೆಯೋ, ಭತ್ಯೆಯಾದರೆ ಯಾವತ್ತು ಕೊಡುತ್ತೀರಿ, ಮೊದಲ ಸಂಬಳದ ತಾರೀಖು ಯಾವುದು ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಇದು ದುರಾಸೆಯಾಗಿ ಕಂಡೀತು ಎಂಬ ಸಂಕೋಚ ನಮ್ಮ ಮೇಷ್ಟರುಗಳಿಗೆ ಸ್ವಲ್ಪ ಜಾಸ್ತಿಯೇ.

ಹೊರಡುವ ಮುನ್ನ ಇಲ್ಲಿಯೇ ಕರಗುವ ಹಣ ಇನ್ನೊಂದು ಭಾಗ. ಪದವಿ ಮತ್ತು ಬಿ.ಎಡ್. ಪ್ರಮಾಣಪತ್ರಗಳು ರಾಜ್ಯ ಮಟ್ಟದ ದೃಢೀಕರಣ, ವಿದೇಶಾಂಗ ಸಚಿವಾಲಯ, ಎಮಿರೇಟ್ಸ್ ರಾಯಭಾರ ಕಚೇರಿ ಎಂದು ಮೇಜಿನಿಂದ ಮೇಜಿಗೆ ಹೋಗಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ ಪಡೆಯಬೇಕು. ಅದಾದ ಮೇಲೆ ಅಲ್ಲಿ ಪದವಿಯ ತತ್ಸಮಾನ ಪ್ರಮಾಣಪತ್ರ. ಅದಕ್ಕೆ ವಿಶ್ವವಿದ್ಯಾಲಯದಿಂದ ಅಂಕಪಟ್ಟಿಯ ನಕಲು, ಪದವಿ ಅಸಲಿಯೆಂಬ ಪತ್ರ ಇತ್ಯಾದಿ. ಪೊಲೀಸ್ ಕ್ಲಿಯರೆನ್ಸಿಗೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿ. ಸರ್ಕಾರಿ ಶುಲ್ಕಗಳು ಹೊರೆಯೆನಿಸುವಷ್ಟಿಲ್ಲ. ಏಜೆನ್ಸಿಯ ಸೇವಾಶುಲ್ಕ, ಓಡಾಟ, ಕಾಯುವಿಕೆ ಕೂಡಿಕೊಂಡಾಗ ಒಂದೊಂದು ಪ್ರಮಾಣಪತ್ರವೂ ಭಾರವಾಗುತ್ತದೆ. ಇಲ್ಲಿ ಪಾಲಿಸಬೇಕಾದ ಕ್ರಮವೊಂದಿದೆ: ನಿಮ್ಮ ಪದವಿಗೆ ಅಲ್ಲಿ ಮಾನ್ಯತೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಅಟೆಸ್ಟೇಷನ್‌ಗೆ ಹಣ ಹಾಕಿ. ದೂರಶಿಕ್ಷಣದ ಪದವಿಗಳಿಗೆ ಅಲ್ಲಿ ತೊಡಕುಗಳಿವೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಯುಜಿಸಿ ಮಾನ್ಯತೆಯ ವಿವಾದದಲ್ಲಿ ಸಿಲುಕಿದ್ದ ವರ್ಷಗಳಲ್ಲಿ ಓದಿದವರಂತೂ ಶಾಲೆಯಿಂದ ಸ್ಪಷ್ಟ ಉತ್ತರ ಬರುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡದಿರುವುದು ಒಳ್ಳೆಯದು.

ಏಜೆಂಟರ ಬಗ್ಗೆ ಇನ್ನಷ್ಟು ನಿಷ್ಠುರವಾಗಿ ಹೇಳಬೇಕು. ‘ಎಲ್ಲರೂ ಲಕ್ಷ ತೆಗೆದುಕೊಳ್ಳುತ್ತಾರೆ, ಅದಿಲ್ಲದೆ ಕೆಲಸ ಎಲ್ಲಿ’ ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವೇ ಇಲ್ಲ. ಭಾರತದಲ್ಲಿ ನೋಂದಾಯಿತ ನೇಮಕಾತಿ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಏಜೆಂಟ್ ನೋಂದಾಯಿತನೇ ಎಂಬುದನ್ನು ಕೇಂದ್ರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಎಮಿರೇಟ್ಸ್‌ನ 2021ರ ಕಾರ್ಮಿಕ ಕಾನೂನಿನ ಆರನೆಯ ವಿಧಿಯೂ ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ನೌಕರನ ಮೇಲೆ ಹಾಕಕೂಡದು ಎನ್ನುತ್ತದೆ. ಆದ್ದರಿಂದ ಇಡುಗಂಟಿನ ಪಟ್ಟಿಯಲ್ಲಿ ‘ವೀಸಾ ಖರ್ಚು’ ಎಂಬ ಸಾಲು ಕಾಣಿಸಿಕೊಂಡರೆ ಅದಕ್ಕೆ ಹಣ ಹೊಂದಿಸಲು ಓಡಬೇಡಿ. ಆ ಸಾಲು ಪಟ್ಟಿಗೆ ಹೇಗೆ ಬಂತೆಂದು ಕೇಳಿ.

ಅಲ್ಲಿನ ಖರ್ಚನ್ನೆಲ್ಲ ಬರೆದಿಟ್ಟವರೂ ಇಲ್ಲಿನ ಬಾಧ್ಯತೆಗಳನ್ನು ಮರೆಯುವುದುಂಟು. ಸಂಬಳವಿಲ್ಲದ ನಲವತ್ತೈದು ದಿನದಲ್ಲಿ ಗೃಹಸಾಲದ ಎರಡು ಇಎಂಐ, ಚೀಟಿಯ ಎರಡು ಕಂತು, ನಡುವೆ ಬಿದ್ದರೆ ಎಲ್ಐಸಿ ಪ್ರೀಮಿಯಂ, ಅಪ್ಪ ಅಮ್ಮನ ಔಷಧಿ, ಮಕ್ಕಳ ಶಾಲೆಯ ಶುಲ್ಕ ಯಾವುದೂ ನಿಲ್ಲುವುದಿಲ್ಲ. ಇದಕ್ಕೆ ಮೂರು ತಿಂಗಳ ಹಣವನ್ನು ಊರಿನ ಖಾತೆಯಲ್ಲಿ ಬಿಟ್ಟೇ ವಿಮಾನ ಹತ್ತಬೇಕು. ಈ ಹಣವನ್ನು ಇಲ್ಲಿನ ಕೆಲಸ ಬಿಡುವಾಗ ಬರುವ ಪಿಎಫ್, ಗ್ರ್ಯಾಚ್ಯುಟಿಯಿಂದ ತುಂಬಿಕೊಳ್ಳೋಣ ಎಂಬ ಎಣಿಕೆ ಅಪಾಯದ್ದು. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರ್ಯಾಚ್ಯುಟಿ ಹಕ್ಕಿನ ಹಣ. 2009ರ ತಿದ್ದುಪಡಿ ಅವರನ್ನು ಕಾಯಿದೆಯ ವ್ಯಾಪ್ತಿಗೆ ತಂದಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಕ್ಕಿದೆ ನಿಜ, ಆದರೆ ಆಡಳಿತ ಮಂಡಳಿ ಅದನ್ನು ಯಾವತ್ತು ಕೊಡುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ತಾರೀಖು ಗೊತ್ತಿಲ್ಲದ ಹಣವನ್ನು ಇಡುಗಂಟಿಗೆ ಸೇರಿಸಬಾರದು; ಬಂದಾಗ ಬರಲಿ, ಸಾಲಕ್ಕೆ ಕಟ್ಟಿದರಾಯಿತು.

ಈ ಅಂತರದ ಮಾತು ಗಲ್ಫಿಗಷ್ಟೇ ಅಲ್ಲ ಎಂಬುದಕ್ಕೆ ಇಂಗ್ಲೆಂಡನ್ನು ನೋಡಬೇಕು. 2023ರ ಫೆಬ್ರವರಿಯಿಂದ ಭಾರತದ ಅರ್ಹ ಶಿಕ್ಷಕರೂ ಅಲ್ಲಿ ಶಿಕ್ಷಕರ ಅರ್ಹತೆಗೆ ಕೊಡುವ ಕ್ಯೂಟಿಎಸ್ ಮಾನ್ಯತೆಗೆ ಅರ್ಜಿ ಹಾಕಬಹುದಾಗಿದ್ದು, ಗಣಿತ, ವಿಜ್ಞಾನದವರ ಕಣ್ಣು ಆ ಕಡೆಗೂ ಹೊರಳಿದೆ. ಅಲ್ಲಿ ಬಾಡಿಗೆ ತಿಂಗಳಿಗೊಮ್ಮೆ, ಮಾಲೀಕ ಕೇಳಬಹುದಾದ ಠೇವಣಿಗೆ 2019ರ ಕಾನೂನು ಸಾಮಾನ್ಯವಾಗಿ ಐದು ವಾರದ ಬಾಡಿಗೆಯ ಮಿತಿ ಹಾಕಿದೆ. ಇಳಿದ ಮೇಲಿನ ಹೊರೆ ದುಬೈಗಿಂತ ಹಗುರ. ಹೊರಡುವ ಮುನ್ನಿನದು ಮಾತ್ರ ಬೆನ್ನು ಬಾಗಿಸುವಂಥದ್ದು. ವೀಸಾ ಶುಲ್ಕ ಬೇರೆ. ಆರೋಗ್ಯ ಸೇವೆಯ ಸರ್‌ಚಾರ್ಜ್ 2024ರ ಫೆಬ್ರವರಿಯ ದರದಲ್ಲಿ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ವೀಸಾ ಎಷ್ಟು ವರ್ಷದ್ದೋ ಅಷ್ಟೂ ವರ್ಷದ್ದನ್ನು ಅರ್ಜಿಯ ಜೊತೆಗೇ ಕಟ್ಟಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಮೂರು ವರ್ಷದ ವೀಸಾಕ್ಕೆ ಅರ್ಜಿ ಹಾಕಿದರೆ ಈ ಒಂದೇ ಬಾಬ್ತಿಗೆ 10,866 ಪೌಂಡ್. ಪೌಂಡಿಗೆ 115 ರೂಪಾಯಿ ಹಿಡಿದರೂ ಹನ್ನೆರಡೂವರೆ ಲಕ್ಷ ಊರು ಬಿಡುವ ಮುನ್ನವೇ ಖಾಲಿ. ಅದೇ ನಾಲ್ವರ ಸಂಸಾರ ಗಲ್ಫಿಗೆ ಹೊರಟರೆ ಹಣ ಬೇಕಾಗುವುದು ಇಳಿದ ಮೇಲೆ, ಇಂಗ್ಲೆಂಡಿಗಾದರೆ ಹೊರಡುವ ಮೊದಲು. ‘ವಿದೇಶಕ್ಕೆ ಹೋಗಲು ಐದು ಲಕ್ಷ ಸಾಕು’ ಎಂಬಂಥ ಒಟ್ಟು ಮಾತುಗಳು ಯಾವ ದೇಶಕ್ಕೂ ಹೊಂದುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದರೆ ಕೆಳಮಧ್ಯಮ ವರ್ಗದ ಶಿಕ್ಷಕರು ಊರು ಬಿಡುವುದೇ ಇಲ್ಲ. ಹಿಂದೆಲ್ಲ ಜನ ಒಂದು ಪೆಟ್ಟಿಗೆ ಹಿಡಿದು ಹೋಗಿ ಗೆದ್ದು ಬಂದಿಲ್ಲವೇ ಎಂದು ಕೇಳುವವರಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. ಹಾಗೆ ಹೋಗಿ ಗೆದ್ದವರ ಹಿಂದೆ ಸಾಮಾನ್ಯವಾಗಿ ಅಲ್ಲೊಬ್ಬ ಭಾವನೋ ಚಿಕ್ಕಪ್ಪನೋ ಇರುತ್ತಿದ್ದ. ಎರಡು ತಿಂಗಳ ಅನ್ನ, ನೆರಳು ಅವನ ಲೆಕ್ಕದಲ್ಲಿ ನಡೆಯುತ್ತಿತ್ತು. ಅಂಥ ಆಸರೆ ನಿಮಗಿದ್ದರೆ ಅದನ್ನೂ ಪಟ್ಟಿಗೆ ಸೇರಿಸಿ, ಆದರೆ ತಾರೀಖಿನ ಸಮೇತ: ಎಷ್ಟು ದಿನ ಇರಬಹುದು, ಊಟದ ಖರ್ಚಿಗೆ ಎಷ್ಟು ಕೊಡಬೇಕು ಎಂದು ಮೊದಲೇ ಮಾತಾಡಿಕೊಂಡರೆ ಸಂಬಂಧವೂ ಉಳಿಯುತ್ತದೆ. ದುಬೈ, ಶಾರ್ಜಾ, ಅಬುಧಾಬಿಗಳಲ್ಲಿ ಕನ್ನಡ ಸಂಘಗಳಿವೆ. ಹಣ ಕೇಳಲು ಅಲ್ಲದಿದ್ದರೂ ಯಾವ ಬಡಾವಣೆಯಲ್ಲಿ ಕೋಣೆ ಸಿಗುತ್ತದೆ, ಬಾಡಿಗೆ ನ್ಯಾಯವಾದದ್ದೇ ಎಂದು ಕೇಳಲು ಅಲ್ಲಿನವರ ಪರಿಚಯ ನೆರವಾಗುತ್ತದೆ. ಯಾರೂ ಇಲ್ಲದವರಿಗೇ ಈ ಲೆಕ್ಕ ಹೆಚ್ಚು ಬೇಕು. ಇಡುಗಂಟು ಚಿಕ್ಕದಾದಷ್ಟೂ ವಸತಿ ಕೊಡುವ ಶಾಲೆ, ಶಾಲೆಯ ಬಸ್ಸು, ಅವರೇ ಕೊಂಡ ಟಿಕೆಟ್ ಇವುಗಳ ಬೆಲೆ ಏರುತ್ತದೆ. ಏಳು ಲಕ್ಷ ಇಲ್ಲದವರು ಹೋಗಬಾರದೆಂದು ಈ ಅಂಕಿಗಳು ಹೇಳುತ್ತಿಲ್ಲ. ಒಂದೂವರೆ ಲಕ್ಷ ಇಟ್ಟುಕೊಂಡವರು ಯಾವ ಪತ್ರಕ್ಕೆ ಸಹಿ ಹಾಕಬಾರದು ಎಂಬುದನ್ನು ಹೇಳುತ್ತಿವೆ.

ಸಾಲ ಮಾಡಿದರಾಯಿತಲ್ಲ ಎನ್ನುವವರಿಗೆ ಉತ್ತರ ಸಾಲದ ಬಗೆಯ ಮೇಲೆ ನಿಂತಿದೆ. ಎಮಿರೇಟ್ಸ್‌ನ ಬ್ಯಾಂಕುಗಳು ಸಂಬಳದ ಇಪ್ಪತ್ತು ಪಟ್ಟಿನವರೆಗೆ ವೈಯಕ್ತಿಕ ಸಾಲ ಕೊಡಬಹುದು, ಆದರೆ ಸಂಬಳವೇ ಶುರುವಾಗದ ಹೊಸಬರಿಗೆ ಬೇಕಾದ ದಿನ ಅದು ಸಿಗುವುದಿಲ್ಲ. ಸಿಗುವ ಹೊತ್ತಿಗೆ ಅದರ ಅಗತ್ಯ ಮುಗಿದಿರುತ್ತದೆ, ಆಸೆಯಷ್ಟೇ ಉಳಿದಿರುತ್ತದೆ. ಊರಿನಲ್ಲಿ ಚಿನ್ನ ಅಡವಿಟ್ಟು ತರುವ ಹಣ ಬೇಗ ಸಿಗುತ್ತದೆ, ಬಡ್ಡಿಯೂ ಕೈಸಾಲಕ್ಕಿಂತ ಕಡಿಮೆ. ವಾಪಸು ಬರುವ ಠೇವಣಿಗೋ ಮರುಪಾವತಿಯಾಗುವ ಟಿಕೆಟ್ಟಿಗೋ ಅದನ್ನು ಬಳಸಿದರೆ ತಪ್ಪಿಲ್ಲ. ಬ್ರೋಕರ್ ಕಮಿಷನ್, ಹೋಟೆಲ್ ಬಿಲ್ಲಿನಂಥ ಮರಳಿ ಬಾರದ ಖರ್ಚಿಗೆ ಇಡೀ ಮನೆಯ ಚಿನ್ನ ಅಡವಿಡುವುದು ಬೇರೆ ಮಾತು. ಒಂದಿಷ್ಟು ಚಿನ್ನವನ್ನು ಮುಟ್ಟದೆ ಬಿಡಬೇಕು, ಏಕೆಂದರೆ ಹಿಂದಿರುಗುವ ಖರ್ಚೂ ಇಡುಗಂಟಿನ ಭಾಗವೇ. ಅಲ್ಲಿ ಪ್ರೊಬೇಷನ್ ಅವಧಿ ಆರು ತಿಂಗಳವರೆಗೆ ಇರಬಹುದು. ಅಷ್ಟರೊಳಗೆ ಹದಿನಾಲ್ಕು ದಿನದ ನೋಟಿಸ್ ಕೊಟ್ಟು ಶಾಲೆ ಕೆಲಸದಿಂದ ಬಿಡಿಸಬಹುದು. ನೀವು ಅದೇ ದೇಶದ ಬೇರೆ ಶಾಲೆಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಒಂದು ವಿಮಾನದ ಟಿಕೆಟ್, ಊರಲ್ಲಿ ಮತ್ತೆ ಕೆಲಸ ಹುಡುಕುವ ಎರಡು ತಿಂಗಳ ಖರ್ಚು, ಇಷ್ಟನ್ನು ಬೇರೆ ಖಾತೆಯಲ್ಲಿಟ್ಟು ಅದರ ಎಟಿಎಂ ಕಾರ್ಡನ್ನು ಮನೆಯಲ್ಲೇ ಬಿಟ್ಟು ಹೋಗುವುದು ಜಾಣತನ.

ಹಣವನ್ನು ಒಯ್ಯುವ ಬಗೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ಹಣವಾದ್ದರಿಂದ ರೂಪಾಯಿ ಡಾಲರಿನೆದುರು ಕುಸಿದರೆ ನಿಮ್ಮ ಗಂಟು ದಿರ್ಹಮ್‌ನಲ್ಲೂ ಅಷ್ಟೇ ಕುಗ್ಗುತ್ತದೆ. ಪತ್ರ ಬಂದ ದಿನಕ್ಕೂ ಹೊರಡುವ ದಿನಕ್ಕೂ ನಡುವೆ ನಾಲ್ಕೈದು ತಿಂಗಳಿದ್ದರೆ ಶೇ. 5ರಷ್ಟು ಹೆಚ್ಚಿಗೆ ಹಿಡಿಯಿರಿ. ವಿದೇಶಿ ನೋಟುಗಳನ್ನು 3,000 ಡಾಲರಿನಷ್ಟು ಮೌಲ್ಯದವರೆಗೆ ಒಯ್ಯಬಹುದು, ಮಿಕ್ಕಿದ್ದು ಫಾರೆಕ್ಸ್ ಕಾರ್ಡಿನಲ್ಲಿರಲಿ. ಉದ್ಯೋಗಕ್ಕೆ ಹೊರಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಿ, ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಬೇಕು; ಹೊರಡುವ ಮುನ್ನವೇ ಬ್ಯಾಂಕಿನಲ್ಲಿ ಮಾತಾಡಿಟ್ಟರೆ ಇಎಂಐ ತಪ್ಪುವುದಿಲ್ಲ. ತೆರಿಗೆಯ ವಿಷಯದಲ್ಲೂ ತಾರೀಖೇ ದೊಡ್ಡದು. ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಉದ್ಯೋಗಕ್ಕೆಂದು ಹೊರಟವರು ಸಾಮಾನ್ಯವಾಗಿ ಅನಿವಾಸಿ. ಏಪ್ರಿಲ್ ಅಥವಾ ಆಗಸ್ಟ್‌ನಲ್ಲಿ ಹೊರಟವರಿಗೆ ಚಿಂತೆಯಿಲ್ಲ. ವರ್ಷದ ನಡುವೆ ತೆರವಾದ ಹುದ್ದೆಗೆ ಜನವರಿಯಲ್ಲಿ ಹೊರಟವರು ಮಾರ್ಚ್ ಕೊನೆಯವರೆಗಿನ ಅಲ್ಲಿನ ಸಂಬಳಕ್ಕೂ ಇಲ್ಲಿ ತೆರಿಗೆ ಕಟ್ಟಬೇಕಾಗಬಹುದು.

ಕೊನೆಗೆ ಸಂಸಾರದ ಪ್ರಶ್ನೆ. ಸಂಬಳ 4,000 ದಿರ್ಹಮ್, ಅಥವಾ ವಸತಿಯ ಜೊತೆಗೆ 3,000 ಇದ್ದರೆ ಕುಟುಂಬಕ್ಕೆ ವೀಸಾ ಮಾಡಿಸಬಹುದೆಂಬ ನಿಯಮ ಕೇಳಿ ಎಲ್ಲರೂ ಒಟ್ಟಿಗೇ ಹೊರಡುವ ಉಮೇದು ಹುಟ್ಟುತ್ತದೆ. ಆ ಮಿತಿ ವೀಸಾ ಸಿಗಲು ಸಾಕು, ಬದುಕಲು ಸಾಕೆಂದಲ್ಲ. ದುಬೈಯಲ್ಲಿ ನೌಕರನ ಆರೋಗ್ಯ ವಿಮೆ ಶಾಲೆಯ ಹೊಣೆ, ಅವಲಂಬಿತರದು ಅವರನ್ನು ಕರೆತಂದವರ ಹೊಣೆ. ವೀಸಾ ಶುಲ್ಕವೂ ತಲೆಗಿಷ್ಟು ಎಂದು ಬರುತ್ತದೆ. ಸಿಬ್ಬಂದಿಯ ಮಕ್ಕಳಿಗೆ ಶುಲ್ಕ ರಿಯಾಯಿತಿ ಇದ್ದರೆ ಅದು ಎಷ್ಟು ಮಕ್ಕಳಿಗೆ, ಎಷ್ಟು ಪಾಲು, ಪ್ರೊಬೇಷನ್ ಅವಧಿಯಲ್ಲೂ ಸಿಗುತ್ತದೆಯೇ ಎಂದು ಪತ್ರದಲ್ಲಿ ಬರೆಸಿಕೊಳ್ಳಬೇಕು. ಒಬ್ಬರೇ ಮೊದಲು ಹೋಗಿ, ಪ್ರೊಬೇಷನ್ ಮುಗಿಸಿ, ಫ್ಲ್ಯಾಟಿನ ಮೊದಲ ಚೆಕ್, ಠೇವಣಿ, ಕಮಿಷನ್ ಇಷ್ಟನ್ನೂ ಅಲ್ಲಿನ ಸಂಬಳದಿಂದಲೇ ಕೂಡಿಟ್ಟ ಮೇಲೆ ಸಂಸಾರದ ಟಿಕೆಟ್ ಮಾಡಿಸಿದರೆ ಊರಿನಿಂದ ಒಯ್ಯಬೇಕಾದ ಗಂಟು ಏಳು ಲಕ್ಷದಿಂದ ಎರಡಕ್ಕಿಳಿಯುತ್ತದೆ. ಮಕ್ಕಳ ವರ್ಷ ಹಾಳಾಗದಂತೆ ಈ ಬದಲಾವಣೆಯನ್ನು ಏಪ್ರಿಲ್‌ಗೆ ಹೊಂದಿಸಿಕೊಳ್ಳುವುದು ಆಗಸ್ಟ್‌ನಲ್ಲಿ ಸೇರಿದವರಿಗೆ ಸಾಧ್ಯ, ಏಕೆಂದರೆ ಅಷ್ಟರಲ್ಲಿ ಏಳು ಸಂಬಳ ಬಂದಿರುತ್ತದೆ. ಏಪ್ರಿಲ್‌ನಲ್ಲಿ ಸೇರಿದವರು ಮುಂದಿನ ಏಪ್ರಿಲ್‌ವರೆಗೆ ಕಾಯುವುದೋ, ಬೇಸಿಗೆ ರಜೆಯ ಬಳಿಕ ವರ್ಷದ ನಡುವೆಯೇ ಮಕ್ಕಳನ್ನು ಕರೆಸಿಕೊಳ್ಳುವುದೋ ಎಂಬುದನ್ನು ಶಾಲೆಯಲ್ಲಿ ಸೀಟು ಸಿಗುವುದನ್ನು ನೋಡಿಕೊಂಡೇ ತೀರ್ಮಾನಿಸಬೇಕು.